ಹಳೆಯದು ಕೊಟ್ಟರೆ ಹೊಸದು

ಕಾಗದ ಬಂದದ್ದು ನನ್ನ ಹೆಸರಿಗಲ್ಲ,
ಮೊದಲ ಮಾಲೀಕ ವಾಮನ ಶೇಟರ ಹೆಸರಿಗೆ.
ದುರ್ಗಿಗುಡಿಯಿಂದ ವಿನೋಬನಗರಕ್ಕೆ
ಮೂರು ಕೈ ದಾಟಿ, ಅಂಚು ಮುದುಡಿ.
"ತಮ್ಮ ಕಾರಿನ ಏರ್‌ಬ್ಯಾಗಿನ ಗಾಳಿಡಬ್ಬಿ
ಸೆಖೆಗೆ, ತೇವಕ್ಕೆ, ವಯಸ್ಸಿಗೆ ಕೆಟ್ಟಿರಬಹುದು.
ಅರಳುವ ಹೊತ್ತಿಗೆ ಒಡೆದು
ಲೋಹದ ಚೂರು ಸಿಡಿಯಬಹುದು.
ದಯವಿಟ್ಟು ಕರೆತನ್ನಿ. ಉಚಿತ."

ಕರೆತನ್ನಿ ಅಂತಲೇ ಇತ್ತು,
ಪೋಲಿಯೋ ಹನಿಗೆ ನಾವು ಮೈಕಿನಲ್ಲಿ ಕೂಗುವ ಹಾಗೆ.

ನಾನು ಲಸಿಕೆಯವಳು.
ಆರು ವರ್ಷದಿಂದ ಈ ಪುಟ್ಟ ಕಾರಿನಲ್ಲಿ
ಗಾಜನೂರು, ಮಂಡಗದ್ದೆ, ತೂದೂರು;
ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿದು ನೀಲಿ ಪೆಟ್ಟಿಗೆ.
ಒಂದೊಂದು ಸೀಸೆಯ ಮೇಲೂ ಒಂದು ಚೌಕ,
ಬಿಸಿ ತಾಗಿದಷ್ಟೂ ತಾನೇ ಕಪ್ಪಾಗುತ್ತ
ನಾನು ಕೆಟ್ಟೆ, ಎಸೆ ಅನ್ನುತ್ತದೆ.
ಅಷ್ಟು ಪ್ರಾಮಾಣಿಕರ ಜೊತೆ ಓಡಾಡಿ
ಬಾಕಿಯದನ್ನೂ ನಂಬುವ ಚಟ ಬಿದ್ದಿತ್ತು:
ಕೀಲಿ ತಿರುವಿದರೆ ಕೆಂಪು ದೀಪ,
ಆರು ಎಣಿಸುವುದರೊಳಗೆ ಆರುತ್ತದೆ.
ಸರಿ, ಎಲ್ಲ ಸರಿ.

ಕಂಪನಿ ಶೆಡ್ಡಿನಲ್ಲಿ ಟೋಕನ್ ಹದಿನೇಳು.
ಹುಡುಗ ಬ್ಯಾಟರಿ ತಂತಿ ಬಿಚ್ಚಿ ಹತ್ತು ನಿಮಿಷ ಕಾದ,
ಹಾವಿನ ಬುಟ್ಟಿ ತೆರೆಯುವವನಂತೆ
ಮುಖ ಆಚೆ ಮಾಡಿ
ಸ್ಟೀರಿಂಗಿನ ನಡುವಿನ ಮುಚ್ಚಳ ಎತ್ತಿದ.

ಏನೂ ಇಲ್ಲ.
ಏನೂ ಇಲ್ಲ ಅಂದರೆ, ಮಡಚಿದ ಸೈಕಲ್ ಟ್ಯೂಬಿನ ತುಂಡು,
ಹರಾಜು ನೋಟೀಸಿದ್ದ ಪೇಪರಿನ ಅರ್ಧ ಹಾಳೆ,
ಎರಡು ತಂತಿಯ ನಡುವೆ ಅಕ್ಕಿಕಾಳಿನಷ್ಟು
ಪಟ್ಟೆಪಟ್ಟೆಯ ಒಂದು ರೆಸಿಸ್ಟರ್.
ದೀಪ ಆರಿಸುವ ಕೆಲಸ ಅದರದ್ದು.
ನಾಲ್ಕು ಜನ ಬಂದು ಬಗ್ಗಿ ನೋಡಿದರು.

"ಮೇಡಂ, ಹಳೇ ಡಬ್ಬಿ ನಂಬರ್ ಹಾಕದೆ
ಹೊಸದು ಬಿಡಿಸೋಕೆ ಕಂಪ್ಯೂಟರ್ ಒಪ್ಪಲ್ಲ.
ದೋಷ ಇದ್ರೆ ಬದಲಾಯಿಸಬಹುದು,
ನಿಮ್ಮದರಲ್ಲಿ ದೋಷವೇ ಇಲ್ಲವಲ್ಲ."
ಕೌಂಟರಿನ ಪ್ರಣೀತ ತಮಾಷೆ ಮಾಡುತ್ತಿರಲಿಲ್ಲ.
ಪಾತ್ರೆಯವಳು ಬೀದಿಯಲ್ಲಿ ಕೂಗುವ ಲೆಕ್ಕ:
ಹಳೇ ಸೀರೆ ಕೊಟ್ಟರೆ ಹೊಸ ಸ್ಟೀಲು.
ದುಡ್ಡು ಕೊಟ್ಟು ಕೊಂಡರೆ ನಲವತ್ತೊಂದು ಸಾವಿರ,
ಅದೂ ಈ ಮಾಡೆಲಿಗೆ ಈಗ ಬರುವುದಿಲ್ಲ.
ಕಾರು ತಂದದ್ದೇ ತೊಂಬತ್ತಕ್ಕೆ.

ಆಗ ನೆನಪಾಯಿತು. ತಂದ ವಾರ
ಗಾಳಿ ಬರುವ ಸಂದಿಗಳಲ್ಲಿ, ಬೆಲ್ಟಿನ ಬುಡದಲ್ಲಿ
ನಯವಾದ ಬಿಳಿ ಪುಡಿ.
ಶೇಟರ ಮನೆಯಾಕೆಯ ಪೌಡರ್ ಇರಬೇಕೆಂದು
ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ತಿಕ್ಕಿ ತಿಕ್ಕಿ ತೆಗೆದಿದ್ದೆ.
"ಅದು ಬ್ಯಾಗಿಂದು," ಅಂದ ಹುಡುಗ.

ಎಲ್ಲೋ, ಯಾವುದೋ ತಿರುವಿನಲ್ಲಿ
ರೆಪ್ಪೆ ಬಡಿಯುವ ಮೊದಲೇ
ಅದು ಉಬ್ಬಿ, ಯಾರದೋ ಮುಖ ಹಿಡಿದು
ಉಸಿರು ಬಿಟ್ಟು ಸುಮ್ಮನಾಗಿತ್ತು.
ಡಬ್ಬಿ ಒಡೆದಿತ್ತೋ ಇಲ್ಲವೋ.
ಶೇಟರ ನಂಬರು ಚಾಲ್ತಿಯಲ್ಲಿಲ್ಲ.

ಆಟೋ ಕಾಂಪ್ಲೆಕ್ಸಿನ ಜಬೀವುಲ್ಲಾ
ರೆಸಿಸ್ಟರನ್ನು ಬಿಸಿಲಿಗೆ ಹಿಡಿದು ಮೆಚ್ಚಿದ.
"ನೀಟ್ ಕೆಲಸ ಅಕ್ಕ, ಯಾರೋ ಕಲಿತವನೇ.
ವಾಪಸ್ ಹಾಕಿಬಿಡಲಾ? ದೀಪ ನಿಲ್ಲಲ್ಲ,
ಮಾರುವಾಗ ರೇಟು ಸಿಗುತ್ತೆ."
ಮಾರುವಾಗ.
ಕೊಳ್ಳುವವಳೂ ಕೀಲಿ ತಿರುವಿ ಆರು ಎಣಿಸುತ್ತಾಳೆ.
ಬೇಡ ಅಂದೆ. ಮುಚ್ಚಳ ಹಾಕು,
ಹಾರ್ನ್ ಬಂದರೆ ಸಾಕು.
ಟ್ಯೂಬಿನ ತುಂಡು ಮಾತ್ರ ತನಗಿರಲಿ ಅಂದ.

ಈಗ ದೀಪ ಆರುವುದಿಲ್ಲ.
ಜೊತೆಗೆ ಬರುವ ಆಶಾ ಚಂಪಕ ಪ್ರತಿ ಸಲವೂ
"ಅದೇನೋ ಕೆಂಪಗೆ ತೋರಿಸ್ತಿದೆ" ಅನ್ನುತ್ತಾಳೆ.
ಹೌದು, ತೋರಿಸ್ತಿದೆ ಅನ್ನುತ್ತೇನೆ.
ಸೀಟನ್ನು ಒಂದು ಗೇಣು ಹಿಂದೆ ಸರಿಸಿದ್ದೇನೆ,
ಕ್ಲಚ್ಚಿಗೆ ಕಾಲು ನೀಡಬೇಕು, ಮಂಡಿ ನೋಯುತ್ತದೆ.
ಮಂಡಗದ್ದೆಯ ತಿರುವಿಗೆ ಎರಡನೇ ಗೇರು;
ಹಿಂದಿನ ಬಸ್ಸಿನವನು ಬಡಿದುಕೊಳ್ಳುತ್ತಾನೆ, ಬಡಿದುಕೊಳ್ಳಲಿ.

ರೆಸಿಸ್ಟರ್ ಚಿಲ್ಲರೆ ಪರ್ಸಿನಲ್ಲಿದೆ.
ಬಾಳೆಹಣ್ಣಿನವನಿಗೆ ಒಂದು ರೂಪಾಯಿ ಹುಡುಕುವಾಗ
ಮೊದಲು ಅದೇ ಬೆರಳಿಗೆ ಸಿಗುತ್ತದೆ.